ನೆರೆಯ ಋಣ

ವಿಜಯದಶಮಿಯ ಸಂಜೆ ಉತ್ತರ ಕರ್ನಾಟಕದ ಊರುಗಳಲ್ಲಿ ಜನರು ಪರಸ್ಪರ ಬನ್ನಿಯ ಎಲೆಗಳನ್ನು ಕೊಟ್ಟು, ಬಂಗಾರದಂತೆ ಇರೋಣವೆಂದು ಹಾರೈಸಿಕೊಳ್ಳುವುದುಂಟು. ನಾವು ನೆಲೆಸಿರುವ ಮಹಾರಾಷ್ಟ್ರದಲ್ಲಿ ಆಪಟೆಯ ಎಲೆ ಅಂದು 'ಸೋನೆ' ಎನಿಸಿಕೊಳ್ಳುತ್ತದೆ. ಎಲೆಗೆ ಎಲೆ, ಲೌಕಿಕ ಲೆಕ್ಕದಲ್ಲಿ ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ. ಆದರೂ ಹಿರಿಯರು ಈ ವಿನಿಮಯವನ್ನು ಹಬ್ಬದಲ್ಲಿ ಸೇರಿಸಿದ್ದೇಕೆ?

ಇದರ ಹಿಂದಿನ ಕಥೆಗಳಲ್ಲಿ ಒಂದು ರಘು ಮಹಾರಾಜನದು. ಕಾಳಿದಾಸನ 'ರಘುವಂಶ'ದ 5ನೆಯ ಸರ್ಗದಲ್ಲಿ, ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ದಾನ ಮಾಡಿ ಮಣ್ಣಿನ ಪಾತ್ರೆಯಷ್ಟೇ ಉಳಿದಿದ್ದ ರಘುವಿನ ಬಳಿಗೆ ಕೌತ್ಸನು ಗುರುದಕ್ಷಿಣೆಗಾಗಿ 14 ಕೋಟಿ ಹೊನ್ನನ್ನು ಅರಸಿ ಬರುತ್ತಾನೆ. ಕುಬೇರನು ಸುರಿಸಿದ ಹೊನ್ನೆಲ್ಲವನ್ನೂ ಅರಸನು ಕೊಡುತ್ತಾನೆ. ದಕ್ಷಿಣೆಗೆ ಮೀರಿದ್ದನ್ನು ಶಿಷ್ಯನು ಒಲ್ಲೆನೆನ್ನುತ್ತಾನೆ. ಸಾಕೇತದ ಜನರು ಇಬ್ಬರನ್ನೂ ಕೊಂಡಾಡಿದರು. ಉಳಿದ ಹೊನ್ನನ್ನು ಮರದ ಬುಡದಲ್ಲಿ ಸುರಿದು ಊರಿಗೆ ಹಂಚಿದರೆಂಬುದು ಜನರು ಹೇಳಿಕೊಂಡು ಬಂದ ಮಾತು.

ಇಂಥ ಹಂಚಿಕೆಯ ನಿತ್ಯರೂಪವೇ ನಮ್ಮ ಹಳ್ಳಿಗಳ ಮುಯ್ಯಿ. ನಾಟಿಯ ಕಾಲದಲ್ಲಿ ನೆರೆಯವರ ಗದ್ದೆಯಲ್ಲಿ ದುಡಿದರೆ, ಅವರೂ ಅಷ್ಟೇ ದಿನ ಬಂದು ದುಡಿದು ಮುಯ್ಯಿ ತೀರಿಸುವರು. ಮದುವೆಯಲ್ಲಿ ಬಂದ ಉಡುಗೊರೆಯನ್ನು ಪುಸ್ತಕದಲ್ಲಿ ಬರೆದಿಟ್ಟು, ಕೊಟ್ಟವರ ಮನೆಯ ಶುಭಕಾರ್ಯದಲ್ಲಿ ಮರಳಿಸುವರು. ಇಲ್ಲೊಂದು ಸಂದೇಹ ಏಳುತ್ತದೆ. ಭಗವದ್ಗೀತೆಯ 17ನೆಯ ಅಧ್ಯಾಯವು, ಪ್ರತ್ಯುಪಕಾರ ಮಾಡದವನಿಗೆ ಕರ್ತವ್ಯವೆಂದು ಕೊಟ್ಟದ್ದು ಸಾತ್ತ್ವಿಕ ದಾನ, ಪ್ರತಿಫಲ ಬಯಸಿ ಕೊಟ್ಟದ್ದು ರಾಜಸ ದಾನ ಎಂದು ವಿಂಗಡಿಸುತ್ತದೆ. ಹಾಗಾದರೆ ಮುಯ್ಯಿ ಕೀಳು ದರ್ಜೆಯದೇ?

ಅದೇ ಗೀತೆಯ 3ನೆಯ ಅಧ್ಯಾಯ ಉತ್ತರಕ್ಕೆ ದಾರಿ ತೋರುತ್ತದೆ. ದೇವತೆಗಳೂ ಮನುಷ್ಯರೂ ಪರಸ್ಪರ ಪೋಷಿಸುತ್ತ ಶ್ರೇಯಸ್ಸನ್ನು ಪಡೆಯಬೇಕೆಂದೂ, ಪಡೆದುದನ್ನು ಮರಳಿ ಅರ್ಪಿಸದೆ ಉಣ್ಣುವವನು ಕಳ್ಳನೆಂದೂ ಅಲ್ಲಿ ಹೇಳಿದೆ. ಎರಡನ್ನೂ ಕೂಡಿಸಿ ನೋಡಿದರೆ ಧರ್ಮ ಸ್ಪಷ್ಟವಾಗುತ್ತದೆ: ಕೊಟ್ಟವನು ಮರೆಯಬೇಕು, ಪಡೆದವನು ನೆನೆಯಬೇಕು. ಮುಯ್ಯಿಯ ಪುಸ್ತಕ ಇರುವುದು ಪಡೆದವನ ಮನೆಯಲ್ಲಿ. ಕೊಟ್ಟವನೂ ಬರೆದಿಟ್ಟುಕೊಂಡು ಕಾಯತೊಡಗಿದರೆ ಮುಯ್ಯಿ ಸಾಲವಾಗಿ, ಬಡವನಿಗೆ ಹೊರೆಯಾಗುತ್ತದೆ.

ಮಹಾನಗರದಲ್ಲಿ ನಮಗೆ ಕೊಡುವುದಕ್ಕಿಂತ ಪಡೆಯುವುದೇ ಕಷ್ಟವಾಗಿದೆ. ಸಂಘಕ್ಕೆ ಧಾರಾಳವಾಗಿ ದೇಣಿಗೆ ಕೊಡುವವರೂ ಪಕ್ಕದ ಮನೆಯಲ್ಲಿ ಒಂದು ಬಟ್ಟಲು ಸಕ್ಕರೆ ಕೇಳಲು ಹಿಂಜರಿಯುತ್ತೇವೆ. ಯಾರ ಹಂಗೂ ಬೇಡವೆನ್ನುತ್ತೇವೆ. ಬ್ಯಾಂಕಿನಲ್ಲಿ ದುಡಿಯುವ ನನಗೆ ದಿನದ ಲೆಕ್ಕ ಪೈಸೆಗೆ ಪೈಸೆ ತಾಳೆಯಾದರೇ ನೆಮ್ಮದಿ. ನೆರೆಯವರ ಲೆಕ್ಕದ ರೀತಿ ಬೇರೆ. ಅದು ಪೂರ್ತಿ ಚುಕ್ತಾ ಆದ ದಿನ ಹೋಗಿಬರುವ ದಾರಿಯೂ ಮುಚ್ಚುತ್ತದೆ. ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದೆಂದು ಚೂರು ಬೆಲ್ಲವನ್ನಾದರೂ ಇಟ್ಟು ಮರಳಿಸುವ ನಮ್ಮ ತಾಯಂದಿರು ಈ ತತ್ತ್ವವನ್ನು ಓದದೆಯೇ ಅರಿತವರು.

ಇಂದು ಫೋನಿನಲ್ಲಿ ಹೇಳಿದರೆ ಸಾಮಾನು ನಿಮಿಷಗಳಲ್ಲಿ ಮನೆಗೆ ಬರುತ್ತದೆ. ಆದರೆ ಅಪರಾತ್ರಿಯಲ್ಲಿ ಮನೆಯ ಹಿರಿಯರಿಗೆ ಎದೆನೋವು ಕಾಣಿಸಿಕೊಂಡಾಗ ಸಂಕೋಚವಿಲ್ಲದೆ ತಟ್ಟಬಲ್ಲ ಬಾಗಿಲು, ಎಂದೋ ಒಂದು ದಿನ ಸಕ್ಕರೆ ಕೇಳಲು ತಟ್ಟಿದ ಬಾಗಿಲೇ ಆಗಿರುತ್ತದೆ.

ಬನ್ನಿಯನ್ನು ಕೊಡುವ ಔದಾರ್ಯದೊಡನೆ, ನೆರೆಯವರು ಕೊಟ್ಟ ಎಲೆಯನ್ನು ಎರಡೂ ಕೈಗಳಿಂದ ಪಡೆಯುವ ವಿನಯವನ್ನೂ ಜಗನ್ಮಾತೆಯು ನಮಗೆಲ್ಲರಿಗೂ ಕರುಣಿಸಲಿ.