ಸಮತೆಯ ಅಳತೆಗೋಲು



ಇಬ್ಬರು ಪಂಥ ಹೂಡಿದರೆ ಮೊದಲು ಗುರಿ ಮುಟ್ಟಿದವನು ಗೆದ್ದನು, ಹಿಂದುಳಿದವನು ಸೋತನು. ಇದರಲ್ಲಿ ವಿಚಾರ ಮಾಡತಕ್ಕದ್ದೇನಿದೆ ಎಂದು ತಾವು ಕೇಳಬಹುದು. ಆದರೆ ಗಡಿಯಾರದ ಪ್ರಕಾರ ಹಿಂದುಳಿದವನ ಕೊರಳಿಗೆ ಚಿನ್ನದ ಪದಕ ಬೀಳಬಹುದಾದ, ಅದನ್ನು ಉಳಿದ ಸ್ಪರ್ಧಿಗಳೂ ನ್ಯಾಯವೆಂದೇ ಒಪ್ಪಿಕೊಂಡಿರುವ ಪಂಥವೊಂದು ಈ ಜಗತ್ತಿನಲ್ಲಿ ನಡೆಯುತ್ತಿದೆ. ಅದು ವಿಕಲಚೇತನರ ಸೈಕಲ್ ಸ್ಪರ್ಧೆ. ಆಟದ ಮಾತು ಈ ಪುಟಗಳಿಗೇಕೆ ಎಂದು ಬದಿಗೆ ಸರಿಸಬೇಡಿ. ಸಮಾನತೆ ಎಂಬ ಶಬ್ದವನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ, ಅದನ್ನು ಅಳೆದು ತೋರಿಸಬೇಕಾದಾಗ ಎಷ್ಟು ತಡವರಿಸುತ್ತೇವೆ ಎಂಬುದು ಈ ಆಟದಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಡೆ ನನಗೆ ಕಂಡಿಲ್ಲ.

ಪ್ಯಾರಾಲಿಂಪಿಕ್ ಕ್ರೀಡಾಕೂಟಕ್ಕೆ ಸೈಕಲ್ ಬಂದದ್ದು 1984ರಲ್ಲಿ, ರಸ್ತೆಯ ಸ್ಪರ್ಧೆಯಾಗಿ. ಟ್ರ್ಯಾಕ್ ಹಾದಿಗೆ ಅದು ಇಳಿದದ್ದು 1996ರಲ್ಲಿ, ಅಮೆರಿಕದ ಅಟ್ಲಾಂಟಾದಲ್ಲಿ. ಮರದ ಹಲಗೆಗಳನ್ನು ಜೋಡಿಸಿ, ತಿರುವುಗಳಲ್ಲಿ ಗೋಡೆಯಂತೆ ಓರೆಯಾಗಿ ಎಬ್ಬಿಸಿದ 250 ಮೀಟರ್ ಸುತ್ತಳತೆಯ ಹಾದಿ. ಬ್ರೇಕ್ ಇಲ್ಲದ, ಒಂದೇ ಗಿಯರಿನ ಸೈಕಲ್ಲು. ಕಾಲಪಂಥವೆಂಬ ಸ್ಪರ್ಧೆಯಲ್ಲಿ ಸವಾರನು ನಿಂತ ಸ್ಥಿತಿಯಿಂದ ಹೊರಟು 1000 ಮೀಟರನ್ನು, ಅಂದರೆ ನಾಲ್ಕು ಸುತ್ತನ್ನು, ಕ್ರಮಿಸಬೇಕು. ಅವನ ಮುಖ್ಯ ಎದುರಾಳಿ ಗಡಿಯಾರವೇ. ಹಿಂದಿನ ಚಕ್ರವನ್ನು ಯಂತ್ರವೊಂದು ಹಿಡಿದಿರುತ್ತದೆ. ಎಣಿಕೆ ಮುಗಿದ ಕ್ಷಣ ಬಿಡುತ್ತದೆ. ಸುಮಾರು ಒಂದು ನಿಮಿಷದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಆ ಒಂದು ನಿಮಿಷಕ್ಕೆ ನಾಲ್ಕು ವರ್ಷಗಳ ಸಿದ್ಧತೆ.

ಸಾಧಾರಣ ಸೈಕಲ್ಲನ್ನು ಏರುವ ಅಂಗವೈಕಲ್ಯವುಳ್ಳವರನ್ನು ಸಿ-1ರಿಂದ ಸಿ-5ರವರೆಗೆ ಐದು ವರ್ಗಗಳಾಗಿ ವಿಂಗಡಿಸಿದ್ದಾರೆ. ಒಂದನೆಯದರಲ್ಲಿ ಊನ ಅತ್ಯಧಿಕ, ಐದನೆಯದರಲ್ಲಿ ಅತ್ಯಲ್ಪ. ಮೊದಲ ಮೂರು ವರ್ಗಗಳನ್ನು ಒಂದೇ ಪದಕಕ್ಕಾಗಿ ಸೆಣಸಲು ಬಿಟ್ಟಾಗ ಪ್ರತಿಯೊಬ್ಬನ ಕಾಲವನ್ನು ಅವನ ವರ್ಗಕ್ಕೆ ಗೊತ್ತುಪಡಿಸಿದ ಸಂಖ್ಯೆಯಿಂದ ಗುಣಿಸುತ್ತಾರೆ. ಸಿ-1 ವರ್ಗದವನು 70 ಸೆಕೆಂಡು ತೆಗೆದುಕೊಂಡನೆನ್ನಿ; ಅವನ ಗುಣಕ 0.93 ಇದ್ದರೆ ಲೆಕ್ಕಕ್ಕೆ ಬರುವುದು 65.1. ಸಿ-3 ವರ್ಗದವನು 66 ಸೆಕೆಂಡಿಗೇ ಮುಗಿಸಿದರೂ ಅವನಿಗೆ ರಿಯಾಯಿತಿಯಿಲ್ಲವಾದ್ದರಿಂದ 66 ಎಂದೇ ಎಣಿಕೆ. ನಾಲ್ಕು ಸೆಕೆಂಡು ಹಿಂದೆ ಬಿದ್ದವನೇ ವಿಜೇತ. (ಈ ಅಂಕಿಗಳು ವಿವರಣೆಗೆಂದು ನಾನು ಕಲ್ಪಿಸಿದವು, ಪದ್ಧತಿ ಮಾತ್ರ ನಿಜ.) 2021ರಲ್ಲಿ ಟೋಕಿಯೋದಲ್ಲಿ ಈ ಮೂರು ವರ್ಗಗಳ ಕಾಲಪಂಥದ ಚಿನ್ನವನ್ನು ಗೆದ್ದ ಚೀನಾದ ಲೀ ಝಾಂಗ್‌ಯೂ ಸಿ-1 ವರ್ಗದವರು.

ಇದು ನ್ಯಾಯವೋ, ದಯೆಯೋ? ಪ್ರಶ್ನೆ ಇಲ್ಲಿದೆ. ದಯೆಯಾದರೆ ಪದಕಕ್ಕೆ ಬೆಲೆಯಿಲ್ಲ. ಭಿಕ್ಷೆಯಾಗಿ ದೊರೆತ ಗೆಲವನ್ನು ಯಾವ ಸ್ವಾಭಿಮಾನಿಯೂ ಬಯಸನು. ನ್ಯಾಯವೆನ್ನುವುದಾದರೆ, ಒಬ್ಬೊಬ್ಬನಿಗೆ ಒಂದೊಂದು ಅಳತೆಗೋಲು ಹಿಡಿಯುವುದು ಹೇಗೆ ನ್ಯಾಯವಾದೀತು? ಅಂಗಡಿಯವನು ಗಿರಾಕಿಯ ಮುಖ ನೋಡಿ ತಕ್ಕಡಿಯ ಕಲ್ಲು ಬದಲಿಸಿದರೆ ನಾವು ಅವನನ್ನು ಮೋಸಗಾರನೆನ್ನುವುದಿಲ್ಲವೆ?

ಉತ್ತರಕ್ಕೆ ಮುನ್ನ ಇನ್ನೊಂದು ಘಟನೆಯನ್ನು ನಿಮ್ಮ ಮುಂದಿಡುತ್ತೇನೆ. ಇಂಗ್ಲೆಂಡಿನ ಜೋಡಿ ಕಂಡಿ ಎಂಬವರು ಹುಟ್ಟಿನಿಂದಲೇ ಪಾದ ವಿಕೃತವಾಗಿದ್ದು, ಮೂರನೆಯ ವಯಸ್ಸಿಗೆ ಅದನ್ನು ಕತ್ತರಿಸಿಕೊಳ್ಳಬೇಕಾಗಿ ಬಂದವರು. ಮೊದಲು ಈಜಿನಲ್ಲಿ ಹೆಸರಾಗಿ, ಆಮೇಲೆ ಸೈಕಲ್ಲಿಗೆ ಬಂದು 2008ರಲ್ಲಿ ಬೀಜಿಂಗಿನಲ್ಲಿ ಕಾಲಪಂಥದ ಚಿನ್ನ ಗೆದ್ದರು. 2012ರಲ್ಲಿ ಲಂಡನ್ನಿನಲ್ಲಿ, ಸ್ವದೇಶದ ಜನರು ತುಂಬಿ ತುಳುಕುತ್ತಿದ್ದ ಅಂಗಣದಲ್ಲಿ, ಅವರೇ ಗೆಲ್ಲುವರೆಂದು ಎಲ್ಲರ ನಿರೀಕ್ಷೆ. ಹೊರಡುವ ಕ್ಷಣದಲ್ಲೇ ಹಿಂದಿನ ಚಕ್ರ ಜಾರಿತು. ಯಂತ್ರದ ದೋಷವೆಂದು ಭಾವಿಸಿ ಅವರು ನಿಂತುಬಿಟ್ಟರು, ಮತ್ತೊಂದು ಅವಕಾಶ ಬೇಡಿದರು. ಯಂತ್ರದ ದೋಷವಿಲ್ಲವೆಂದು ತೀರ್ಪುಗಾರರು ನಿರಾಕರಿಸಿದರು. ನಾಲ್ಕು ವರ್ಷಗಳ ಸಾಧನೆ ಒಂದು ಸುತ್ತನ್ನೂ ಕಾಣದೆ ಮುಗಿಯಿತು. ಅವರು ಕೂಗಾಡಿದರು, ಕೋಪದಿಂದ ಆಡಬಾರದ್ದನ್ನು ಆಡಿದರು. ಅನಂತರ ಪ್ರೇಕ್ಷಕರ ಕ್ಷಮೆ ಕೇಳಿದರು. ಚಿನ್ನ ಸ್ಪೇನಿನ ಅಲ್ಫೋನ್ಸೊ ಕಬೆಲ್ಲೊ ಅವರ ಪಾಲಾಯಿತು.

ಈಗ ಎರಡನ್ನೂ ಅಕ್ಕಪಕ್ಕ ಇರಿಸಿ ನೋಡಿ. ಒಂದು ಕಡೆ ಕೆಲವೇ ಸೆಕೆಂಡುಗಳ ಪಂಥದಲ್ಲಿ ಹಲವು ಸೆಕೆಂಡುಗಳ ರಿಯಾಯಿತಿ. ಇನ್ನೊಂದು ಕಡೆ ಮರಳಿ ಹೊರಡಲು ಒಂದು ನಿಮಿಷವನ್ನೂ ಕೊಡದ ಕಾಠಿಣ್ಯ. ಮೇಲ್ನೋಟಕ್ಕೆ ವಿರೋಧ, ಒಳಹೊಕ್ಕರೆ ಎರಡರ ಬೇರೂ ಒಂದೇ. ಗುಣಕವು ಪಂಥಕ್ಕೆ ಮೊದಲೇ ಗೊತ್ತಾದದ್ದು, ಎಲ್ಲರಿಗೂ ತಿಳಿದದ್ದು. ಅದು ವರ್ಗಕ್ಕೆ ಸಲ್ಲುವುದೇ ಹೊರತು ವ್ಯಕ್ತಿಗಲ್ಲ. ಯಾರು ಗೆಲ್ಲುವರೆಂಬುದು ತಿಳಿಯದಿರುವಾಗ ಹಾಕಿದ ಲೆಕ್ಕವದು. ಕಂಡಿಯವರು ಬೇಡಿದ್ದೋ, ಪಂಥ ಆರಂಭವಾದ ಮೇಲೆ, ಒಬ್ಬರಿಗಾಗಿ. ಅಂಗಡಿಯವನ ಅಪರಾಧವೂ ಕಲ್ಲು ಬದಲಿಸಿದ್ದಲ್ಲ, ಮುಖ ನೋಡಿ ಬದಲಿಸಿದ್ದು. ಇನ್ನೂ ಒಂದು ಮಾತು: ಕಂಡಿಯವರು ಕಾಲಿಲ್ಲದವನೆಂದು ಕನಿಕರ ಕೋರಲಿಲ್ಲ, ಯಾವ ಸವಾರನಾದರೂ ಕೇಳಬಹುದಾದುದನ್ನೇ ಕೇಳಿದರು. ಯಾವ ಸವಾರನಿಗಾದರೂ ಹೇಳುವ 'ಇಲ್ಲ'ವನ್ನೇ ಅವರಿಗೂ ಹೇಳಲಾಯಿತು. ಆ ಕಟುವಾದ 'ಇಲ್ಲ'ದಲ್ಲಿ ಅವರಿಗೆ ಸಂದ ಗೌರವ, 'ಪಾಪ, ಹೋಗಲಿ ಬಿಡಿ' ಎಂಬ ಮೃದು ಮಾತಿನಲ್ಲಿ ಸಲ್ಲುತ್ತಿರಲಿಲ್ಲವೆಂದೇ ನನ್ನ ಎಣಿಕೆ. ಮರುದಿನ ಅವರು ಬೇರೊಂದು ಪಂಥದಲ್ಲಿ ಕಂಚು ಗೆದ್ದರು. 2016ರಲ್ಲಿ ರಿಯೋದಲ್ಲಿ ಇದೇ ಕಾಲಪಂಥದ ಚಿನ್ನವನ್ನು ಮರಳಿ ಪಡೆದರು.

ದೃಷ್ಟಿಹೀನರ ಪಂಥ ಇನ್ನೊಂದು ಬಗೆಯದು. ಅಲ್ಲಿ ಇಬ್ಬರು ತುಳಿಯುವ ಜೋಡಿ ಸೈಕಲ್ಲು. ಮುಂದೆ ಕಣ್ಣುಳ್ಳವನು, ಹಿಂದೆ ಕಣ್ಣಿಲ್ಲದವನು. ದೃಷ್ಟಿ ಕ್ಷೀಣಿಸುವ ರೋಗವುಳ್ಳ ಸ್ಕಾಟ್ಲೆಂಡಿನ ನೀಲ್ ಫಾಚಿ ಅವರು 2012ರಲ್ಲಿ ಬಾರ್ನಿ ಸ್ಟೋರಿ ಅವರೊಡನೆ, 2021ರಲ್ಲಿ ಮ್ಯಾಟ್ ರಾಥರ್‌ಹ್ಯಾಮ್ ಅವರೊಡನೆ ಚಿನ್ನ ಗೆದ್ದರು. ಎರಡನೆಯ ಸಲ 1000 ಮೀಟರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಪದಕ ಇಬ್ಬರಿಗೂ ಸಲ್ಲುತ್ತದೆ. ಕುರುಡನನ್ನು ಕೈಹಿಡಿದು ನಡೆಸುವುದೆಂದರೆ ಉಪಕಾರವೆಂದು ನಾವು ತಿಳಿದಿದ್ದೇವೆ. ಇಲ್ಲಿ ಮುಂದಿನವನು ಉಪಕಾರಿಯಲ್ಲ, ಹಿಂದಿನವನು ಹೊರೆಯಲ್ಲ. ಇಬ್ಬರ ಪೆಡಲುಗಳೂ ಸರಪಳಿಯಿಂದ ಬಿಗಿದಿವೆ, ಒಬ್ಬನ ಕಾಲು ಸೋತರೆ ಇಬ್ಬರೂ ಸೋಲುತ್ತಾರೆ. ಇಂಥಲ್ಲಿ ಯಾರು ಯಾರಿಗೆ ನೆರವಾದರೆಂದು ಕೇಳುವುದೇ ತಪ್ಪು ಪ್ರಶ್ನೆ.

ಇಷ್ಟು ಹೇಳಿದ ಮೇಲೂ ನನ್ನ ಮನಸ್ಸಿಗೆ ಸಮಾಧಾನವಾಗದ ಸಂಗತಿಯೊಂದಿದೆ. ಪಂಥಕ್ಕೆ ಮುನ್ನ ಸವಾರನು ಪರೀಕ್ಷಕರ ಮುಂದೆ ನಿಲ್ಲಬೇಕು. ತನಗೆ ಏನು ಸಾಧ್ಯವಿಲ್ಲ ಎಂಬುದನ್ನು ಅವರೆದುರು ತೋರಿಸಬೇಕು. ಸಾಮರ್ಥ್ಯ ಮೆರೆಸಲು ಬಂದವನು ಮೊದಲು ಅಸಾಮರ್ಥ್ಯವನ್ನು ಸಿದ್ಧಪಡಿಸಬೇಕಾದ ವಿಪರ್ಯಾಸವಿದು. ಇದ್ದುದಕ್ಕಿಂತ ಹೆಚ್ಚು ಊನವನ್ನು ನಟಿಸಿದರೆ ಗೆಲವು ಹತ್ತಿರವಾಗುತ್ತದೆ. ಹಾಗೆ ನಟಿಸುವುದು ನಿಯಮದ ಪ್ರಕಾರ ಘೋರ ಅಪರಾಧ. ಆದರೆ ದೇಹವೇ ದಿನಕ್ಕೊಂದು ಬಗೆಯಾಗಿದ್ದರೆ? 2016ರಲ್ಲೂ 2021ರಲ್ಲೂ ಮಹಿಳೆಯರ 500 ಮೀಟರ್ ಕಾಲಪಂಥ ಗೆದ್ದ ಇಂಗ್ಲೆಂಡಿನ ಕಡೀನಾ ಕಾಕ್ಸ್ ಅವರಿಗಿರುವುದು ನರಮಂಡಲವನ್ನು ಬಾಧಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್. ಒಂದು ದಿನ ಮಣಿಯುವ ಕಾಲು ಮರುದಿನ ಮಣಿಯದಿರುವುದು ಆ ರೋಗದ ಸ್ವಭಾವ. ಯಾವ ದಿನದ ದೇಹವನ್ನು ಪರೀಕ್ಷಕನು ಸತ್ಯವೆಂದು ಬರೆದುಕೊಳ್ಳಬೇಕು?

ವರ್ಗಗಳು ಐದೇ, ದೇಹಗಳೋ ಎಣಿಕೆಗೆ ಮೀರಿದವು. ಎರಡು ವರ್ಗಗಳ ಗಡಿಯಲ್ಲಿ ನಿಂತವನೊಬ್ಬನು ಎಲ್ಲಿಯೋ ಇದ್ದೇ ಇರುತ್ತಾನೆ. ಒಂದು ಗೆರೆಯ ಈಚೆಗೆ ಹಾಕಿದರೆ ಅವನು ಪದಕಕ್ಕೆ ಅರ್ಹ, ಆಚೆಗೆ ಹಾಕಿದರೆ ಕೊನೆಯವರಲ್ಲಿ ಒಬ್ಬ. ಗೆರೆ ಎಳೆಯದಿದ್ದರೆ ಪಂಥವೇ ಇಲ್ಲ. ಆ ಗೆರೆ ಎಳೆಯುವವನ ಕೈ ಒಂದಿಷ್ಟು ನಡುಗಬೇಕೆಂದು ನಾನು ಬಯಸುತ್ತೇನೆ.