ಅಡ್ಡಪಟ್ಟಿಯ ನೇರ
ನಮ್ಮ ಕುಂದಾಪುರದ ಆಚಾರಿಯೊಬ್ಬರು ಗರಗಸದ ಮೇಜಿನ ಮೇಲೆ ಜಾರಿಸಲು ಹಲಸಿನ ತುಂಡುಗಳಿಂದ ತಾವೇ ಒಂದು ಹಲಗೆ ಮಾಡಿಕೊಂಡಿದ್ದಾರೆ. ಕಾರ್ಖಾನೆಯವರು ಇದನ್ನು ‘ಜಿಗ್’ ಎನ್ನುತ್ತಾರೆ. ಅದರ ಅಡ್ಡಪಟ್ಟಿಗೆ ಮರವನ್ನೊತ್ತಿ ನೂಕಿದರೆ ನಿನ್ನೆ ಸೇರಿದ ಹುಡುಗನೂ ನೇರವಾಗಿ ಕೊಯ್ಯುತ್ತಾನೆ. ಹಾಗಾದರೆ ಆ ನೇರ ಯಾರದು? ನಾವು ಸದಾಚಾರವೆನ್ನುವುದೂ ಬಹುಮಟ್ಟಿಗೆ ಹಿರಿಯರು ಬಿಗಿದಿಟ್ಟ ಇಂಥ ಪಟ್ಟಿಯೇ. ಅದನ್ನು ಹಳಿಯುವವನು ನಾನಲ್ಲ. ಎಷ್ಟೋ ಬೆರಳು ಅದರಿಂದ ಉಳಿದಿವೆ. ಆದರೆ ಪಟ್ಟಿ ಕೂದಲೆಳೆಯಷ್ಟು ಓರೆಯಾದರೆ ನೂರು ತುಂಡೂ ಅಷ್ಟೇ ಓರೆ. ಎಲ್ಲವೂ ಒಂದೇ ತೆರನಾದುದರಿಂದ ಯಾರಿಗೂ ಸಂಶಯ ಹುಟ್ಟದು. ಆಚಾರಿ ಮಾತ್ರ ಆಗಾಗ ಒಂದು ಹಲಗೆಯನ್ನು ಕೊಯ್ದು, ಒಂದು ಹೋಳನ್ನು ಮಗುಚಿ, ಎರಡನ್ನೂ ಒಂದೇ ನೇರ ಅಂಚಿಗೆ ಒರಗಿಸಿ ಕೂಡಿಸಿ ನೋಡುತ್ತಾರೆ. ಓರೆಯಿದ್ದರೆ ಸಂದಿನಲ್ಲಿ ಇಮ್ಮಡಿಯಾಗಿ ಕಾಣುತ್ತದೆ. ಆಗ ಹುಡುಗನನ್ನು ಬಯ್ಯುವುದಿಲ್ಲ. ಪಟ್ಟಿಯ ತಿರುಪು ಸಡಿಲಿಸುತ್ತಾರೆ.