ಯುದ್ಧ ತೂಗುವ ತಕ್ಕಡಿ

ನಾನು ಏಳನೇ ಇಯತ್ತೆ ಕಲಿತ ರೈತ. ಅಕ್ಕಲಕೋಟ ಸೀಮೆಯ ಜಾತ್ರೆಗಳಲ್ಲಿ ನಲವತ್ತು ವರ್ಷದಿಂದ ಗೀಗೀ ಪದ ಹಾಡುತ್ತ ಬಂದವ. ನಮ್ಮ ಹಾಡಿಕಿಯೊಳಗ ಯುದ್ಧದ ಕಥಿ ಬಾಳ. ಕುರುಕ್ಷೇತ್ರ ಹಾಡತೀವಿ, ಮೊಹರಮ್ಮಿನಾಗ ಕರ್ಬಲಾ ಹಾಡತೀವಿ, ಸಂಗೊಳ್ಳಿ ರಾಯಣ್ಣನ್ನೂ ಹಾಡತೀವಿ. ದಪ್ಪಿನ ಪೆಟ್ಟು ಬಿದ್ದಾಗ ಯುದ್ಧ ಸರಿಯೋ ತಪ್ಪೋ ಅಂತ ಯಾರೂ ಕೇಳೂದಿಲ್ಲ.

ಕೇಳಿದವ ನನ್ನ ಒಬ್ಬ ಗೆಳೆಯ. ಕ್ರಿಸ್ತ ಮತದವ, ಹದಿನೇಳು ವರ್ಷ ಮಿಲಿಟರಿಯಲ್ಲಿದ್ದು ಬಂದವ. "ಅಣ್ಣಾ, ನಿಮ್ಮ ಕೃಷ್ಣ ಬಿಲ್ಲು ಎತ್ತು ಅಂದ. ನಮ್ಮ ಯೇಸು ಕತ್ತಿ ಒಳಗಿಡು ಅಂದ. ಬಂದೂಕು ಹಿಡಿದ ನಾ ಯಾರ ಮನುಷ್ಯಾ?" ಅಂದ. ಇದು ಅವನೊಬ್ಬನ ಪ್ರಶ್ನೆ ಅಲ್ಲ. ಎರಡು ಸಾವಿರ ವರ್ಷದಿಂದ ಕ್ರಿಸ್ತರು ತಮ್ಮತಮ್ಮಲ್ಲೇ ಕೇಳಿಕೊಂಡ ಪ್ರಶ್ನೆ. ನಮ್ಮ ವಾಚನಾಲಯದಾಗ ಓದಿ, ಮಾಸ್ತರರನ್ನ ಕೇಳಿ ತಿಳಕೊಂಡದ್ದನ್ನ ಇಲ್ಲಿ ಬರೀತೀನಿ.

ಹರದೇಶಿ–ನಾಗೇಶಿ ಹಾಡಿಕಿಯೊಳಗ ಒಬ್ಬರ ಸವಾಲಿಗೆ ಇನ್ನೊಬ್ಬರು ಜವಾಬು ಕೊಡಬೇಕು. ಇದನ್ನೂ ಹಂಗೇ ಎದುರುಬದುರು ನಿಲ್ಲಿಸಿ ನೋಡೋಣ.

ಯುದ್ಧ ಬ್ಯಾಡ ಅನ್ನುವ ಪಕ್ಷದ ಮಾತು ಮೊದಲು. ಯೇಸುವನ್ನು ಹಿಡಿಯಲು ಬಂದ ರಾತ್ರಿ ಶಿಷ್ಯ ಪೇತ್ರ ಕತ್ತಿ ಹಿರಿದು ಒಬ್ಬ ಆಳಿನ ಕಿವಿ ಕತ್ತರಿಸಿದ. ಗುರುವನ್ನ ಉಳಿಸೋದಕ್ಕಿಂತ ದೊಡ್ಡ ಕಾರಣ ಯಾವುದಿದ್ದೀತು? ಆದರೂ ಯೇಸು ಅವನನ್ನ ತಡೆದ. ವೈರಿ ಕಡೆಯವನ ಕಿವಿ ಮುಟ್ಟಿ ವಾಸಿ ಮಾಡಿದ. ಈ ದಾರಿ ಹಿಡಿದು ಕ್ರಿ.ಶ. 295ರಲ್ಲಿ ಉತ್ತರ ಆಫ್ರಿಕಾದ ಮ್ಯಾಕ್ಸಿಮಿಲಿಯನ್ ಅನ್ನುವ 21 ವರ್ಷದ ಹುಡುಗ ರೋಮನ್ ಸೈನ್ಯ ಸೇರಲು ಒಪ್ಪದೆ ತಲಿ ಕೊಟ್ಟ.

ಈಗ ಎದುರು ಪಕ್ಷದ ಜವಾಬು. ಒಬ್ಬ ರೋಮನ್ ಶತಾಧಿಪತಿ ತನ್ನ ಆಳಿನ ಜಡ್ಡು ವಾಸಿ ಮಾಡು ಅಂತ ಬಂದಾಗ ಯೇಸು ಅವನ ನಂಬಿಗೆಯನ್ನ ಹೊಗಳಿದ, ನೌಕರಿ ಬಿಡು ಅನಲಿಲ್ಲ. ಸ್ನಾನಿಕನಾದ ಯೋಹಾನನೂ ಸಿಪಾಯಿಗಳಿಗೆ ಜನರನ್ನ ಸುಲೀಬ್ಯಾಡ್ರಿ, ಪಗಾರದಾಗ ತೃಪ್ತಿ ಇರಲಿ ಅಂತ ಹೇಳಿದನೇ ಹೊರತು ಸೈನ್ಯ ಬಿಟ್ಟು ಬರ್ರಿ ಅನಲಿಲ್ಲ. ಇನ್ನೂ ಒಂದು ಮಾತದ. ನನ್ನ ಕೆನ್ನೆಗೆ ಹೊಡೆದರ ಇನ್ನೊಂದು ಕೆನ್ನೆ ನಾ ತೋರಿಸಬಹುದು. ನೆರೆಮನಿ ಕೂಸಿನ ಕೆನ್ನೆ ತೋರಿಸುವ ಹಕ್ಕು ನನಗ ಎಲ್ಲಿಂದ ಬಂತು?

ಎರಡೂ ಕಡೆ ಮಾತಿನಾಗ ತೂಕ ಅದ. ಅದಕ್ಕೇ ದೊಡ್ಡವರು ಒಂದು ತಕ್ಕಡಿ ಮಾಡಿದರು. ಸುಮಾರು 1600 ವರ್ಷದ ಹಿಂದ ಅಗಸ್ಟೀನ್ ಎಂಬ ಬಿಷಪ್ಪ ಶುರು ಮಾಡಿದ. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಎಂಬ ಪಂಡಿತ ಮೂರು ತೂಕದ ಕಲ್ಲು ಇಟ್ಟ. ಯುದ್ಧ ಸಾರುವವನಿಗೆ ಅಧಿಕಾರ ಇರಬೇಕು. ಎದುರಿನವರು ಅನ್ಯಾಯ ಮಾಡಿರಬೇಕು. ಮನಸಿನಾಗ ದ್ವೇಷ, ದುರಾಸೆ ಇರದೆ ಒಳಿತಿನ ಉದ್ದೇಶ ಇರಬೇಕು.

ಕಲ್ಲು ಸರಿ ಅದಾವ. ಆದರ ತಕ್ಕಡಿ ಯಾರ ಕೈಯಾಗ ಅದ? ತೊಗರಿ ಚೀಲ ಹೊತ್ತು ಪ್ಯಾಟಿಗೆ ಹೋದ ರೈತನಿಗೆ ಇದು ಹೇಳಿಕೊಡಬೇಕಾಗಿಲ್ಲ. ತೂಗುವವನೂ ಕೊಳ್ಳುವವನೂ ಒಬ್ಬನೇ ಆದರ ಕಾಟಾ ಒಂದೇ ಕಡೆ ವಾಲತದ. 1914ರ ಮಹಾಯುದ್ಧದಾಗ ಜರ್ಮನಿ, ಇಂಗ್ಲೆಂಡ್, ಫ್ರಾನ್ಸ್, ರಷ್ಯಾ ಎಲ್ಲಾ ಕಡೆಗೂ ಕ್ರಿಸ್ತರೇ ಹೆಚ್ಚು. ಅವರವರ ಚರ್ಚುಗಳಲ್ಲಿ ತಮ್ಮತಮ್ಮ ಗೆಲುವಿಗಾಗಿ ಅದೇ ಒಬ್ಬ ದೇವರಿಗೆ ಪ್ರಾರ್ಥನೆ ನಡೆದವು. ಎಲ್ಲರ ತಕ್ಕಡಿಯೂ ನಮ್ಮದೇ ನ್ಯಾಯ ಅಂತು. ಎಂದೂ "ಇಲ್ಲ" ಅನ್ನದ ತಕ್ಕಡಿಯನ್ನ ತಕ್ಕಡಿ ಅನಬೇಕೋ ಏನು?

ಆ ತಕ್ಕಡಿಯನ್ನ ಅರಸರ ಕೈಯಿಂದ ತಗೊಂಡು ತಾನೇ ತೂಗಿ ನೋಡಿದವ ಒಬ್ಬ ರೈತ. ಹೆಸರು ಫ್ರಾಂಝ್ ಯೇಗರ್‌ಸ್ಟೆಟರ್. 1907ರಲ್ಲಿ ಹುಟ್ಟಿದವ, ಊರು ಆಸ್ಟ್ರಿಯಾ ದೇಶದ ಸಂತ ರಾಡೆಗುಂಡ್. ಹೊಲ ಮಾಡಿಕೊಂಡು, ಊರ ಚರ್ಚಿನ ಸೇವೆ ನೋಡಿಕೊಂಡು ಇದ್ದ. ಹೆಂಡತಿ ಫ್ರಾನ್ಸಿಸ್ಕಾ, ಮೂವರು ಹೆಣ್ಣುಮಕ್ಕಳು. 1938ರಲ್ಲಿ ಆಸ್ಟ್ರಿಯಾ ಹಿಟ್ಲರನ ಜರ್ಮನಿಗೆ ಸೇರಲಿ ಅಂತ ಮತ ಹಾಕಿಸಿದಾಗ ಆ ಊರಾಗ ಬ್ಯಾಡ ಅಂದವ ಇವನೊಬ್ಬನೇ. 1943ರಲ್ಲಿ ಸೈನ್ಯಕ್ಕೆ ಕರೆ ಬಂದಾಗ ಹೋಗಿ, ಗಾಯಾಳುಗಳ ಸೇವೆ ಮಾಡತೀನಿ, ಹತಿಯಾರ ಹಿಡಿಯೂದಿಲ್ಲ ಅಂದ. ಮಂದಿ ದೇಶ ಕಸಿಯುವ ಯುದ್ಧ ಹೆಂಗ ನ್ಯಾಯ ಆಗತದ ಅನ್ನೋದು ಅವನ ಪ್ರಶ್ನೆ. ಅದನ್ನ ನಿರ್ಣಯಿಸುವ ಹೊಣೆ ನಿನ್ನದಲ್ಲ, ಹೆಂಡತಿ ಮಕ್ಕಳನ್ನ ನೋಡಿಕೋ ಅಂತ ಬಿಷಪ್ಪನೇ ಬುದ್ಧಿ ಹೇಳಿದ್ದ. ಅವ ಬದಲಾಗಲಿಲ್ಲ. 1943ರ ಆಗಸ್ಟ್ 9ರಂದು ತಲಿ ಹಾರಿಸಿದರು. ಆಗ ಅವನಿಗೆ 36 ವರ್ಷ. ಯುದ್ಧ ಮುಗಿದ ಮ್ಯಾಲೂ ಕೆಲವು ವರ್ಷ ಅವನ ಹೆಂಡತಿಗೆ ಪಿಂಚಣಿ ಸಿಗಲಿಲ್ಲ. 2007ರಲ್ಲಿ ಅದೇ ಕಥೋಲಿಕ ಸಭೆ ಅವನನ್ನ ಧನ್ಯನೆಂದು ಸಾರಿತು.

ಇಲ್ಲಿ ಮತ್ತೊಂದು ಸವಾಲು ಏಳತದ. ಎಲ್ಲರೂ ಹಿಂಗ ಹತಿಯಾರ ಒಲ್ಲೆ ಅಂದಿದ್ದರ ಹಿಟ್ಲರನನ್ನ ತಡೆಯುವವರು ಯಾರು? ಇದಕ್ಕೆ ಜವಾಬು ಜರ್ಮನಿಯ ಒಬ್ಬ ಪಾದ್ರಿಯ ಬದುಕಿನಾಗ ಅದ. ಡೀಟ್ರಿಚ್ ಬೋನ್‌ಹಾಫರ್ ಶಾಂತಿಯ ಬೋಧನೆ ಮಾಡಿದವ. ನಮ್ಮ ಗಾಂಧೀಜಿ ಹತ್ತಿರ ಬಂದು ಕಲಿಯುವ ಆಸೆ ಇದ್ದವ. ಅಂಥವನೇ ಕಡೆಗೆ ಹಿಟ್ಲರನನ್ನ ಮುಗಿಸುವ ಗುಪ್ತ ಗುಂಪಿಗೆ ಸೇರಿದ. 1945ರ ಏಪ್ರಿಲ್ 9ರಂದು ಗಲ್ಲಿಗೆ ಹಾಕಿದರು. ಆದರ ಅವ ತನ್ನ ಕೆಲಸವನ್ನ ಪುಣ್ಯ ಅನಲಿಲ್ಲ. ನೆರೆಯವನಿಗಾಗಿ ತಪ್ಪಿನ ಭಾರ ಹೊರಬೇಕಾದರ ಹೊತ್ತು, ದೇವರ ಮುಂದ ತಲಿ ಬಾಗಬೇಕು ಅನ್ನುವ ತಿಳುವಳಿಕಿ ಅವನದು.

ಇದು ಹೊಸಾ ಮಾತೂ ಅಲ್ಲ. 4ನೇ ಶತಮಾನದ ಬೆಸಿಲ್ ಎಂಬ ಬಿಷಪ್ಪ, ಯುದ್ಧದಾಗ ಕೊಂದವರನ್ನ ಕೊಲೆಗಾರರ ಲೆಕ್ಕಕ್ಕ ಹಿಡಿಯಲಿಲ್ಲ. ಆದರೂ ಅವರ ಕೈ ಶುದ್ಧ ಇಲ್ಲ, ಮೂರು ವರ್ಷ ಪ್ರಭುವಿನ ಪ್ರಸಾದದಿಂದ ದೂರ ಇರಲಿ ಅಂದ. 1066ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್ ಕಾಳಗ ಗೆದ್ದ ಸಿಪಾಯಿಗಳಿಗೆ ಅವರ ಬಿಷಪ್ಪರೇ, ಕೊಂದ ಒಬ್ಬೊಬ್ಬನಿಗೂ ಒಂದೊಂದು ವರ್ಷದ ಪ್ರಾಯಶ್ಚಿತ್ತ ವಿಧಿಸಿದರು. ಸೋತವರಿಗಲ್ಲ, ಗೆದ್ದವರಿಗೆ!

ಹಂಗಾದರ ನನಗ ತಿಳಿದದ್ದು ಇಷ್ಟು. ಯೇಸುವಿನ ದಾರಿಯಲ್ಲಿ ಪವಿತ್ರ ಯುದ್ಧ ಅನ್ನೋದಿಲ್ಲ. ತಪ್ಪಿಸಲಾರದ ಯುದ್ಧ ಇರಬಹುದು. ಆದರ ಅದು ತಪ್ಪಿಸಲಾರದ್ದು ಹೌದೋ ಅಲ್ಲೋ ಅಂತ ತೂಗುವ ಕೆಲಸ ಬಂದೂಕು ಹೊರುವ ಬಡವನಿಗೂ ಸೇರಿದ್ದು. ಬರೀ ದಿಲ್ಲಿ, ಬರ್ಲಿನ್‌ದವರಿಗಲ್ಲ. ತೂಗಿ "ಒಲ್ಲೆ" ಅನ್ನುವ ದಾರಿ ಅವನಿಗಿರಬೇಕು. ಹೋಗಿ ಗೆದ್ದು ಬಂದರೂ ಅಳುವ ಮನಸ್ಸು ಉಳಿದಿರಬೇಕು. ನಮ್ಮ ಧರ್ಮರಾಯ ಗೆದ್ದ ಮ್ಯಾಲೆ ಅತ್ತದ್ದು ಇದಕ್ಕೇ. ಊರಿಗೆ ಬಂದು ಇಷ್ಟು ವರ್ಷ ಆದರೂ ಆ ಪ್ರಶ್ನೆಯನ್ನ ಬಿಡದೆ ಇಟ್ಟುಕೊಂಡ ನನ್ನ ಗೆಳೆಯ, ನನ್ನ ಲೆಕ್ಕದಾಗ ಆ ಶತಾಧಿಪತಿಯ ಸಾಲಿನವ.

ಶಾಲಿ ಮಾಸ್ತರರಿಗೆ ಒಂದು ವಿನಂತಿ. ಯಾವ ಯುದ್ಧ ಯಾವಾಗ ಆತು, ಯಾರು ಗೆದ್ದರು ಅಂತ ಮಕ್ಕಳಿಗೆ ಬಾಯಿಪಾಠ ಮಾಡಸ್ತೀರಿ, ಮಾಡಸ್ರಿ. ಅದರ ಸಂಗಾಟ "ಒಲ್ಲೆ" ಅಂದವರ ಹೆಸರೂ ಒಂದೆರಡು ಕಲಸ್ರಿ. ಹಾಡಿಗೆ ಕೂಡಿಸಲಿಕ್ಕೆ ನಾವೂ ಅದೀವಿ.